ಗಾಜಿಗೆ ಅಂಟಿದ ಕೆನ್ನೆ

ಫೆಬ್ರವರಿ ೪

ಬೆಳಗ್ಗಿನಿಂದ ಟೇಪ್ ಕೀಳುವ ಕೆಲಸ. ಹಳೆಯ ಬಂದರಿನ ನಕ್ಷೆ. ಹರಿದ ಕಡೆಯೆಲ್ಲ ಯಾರೋ ಪುಣ್ಯಾತ್ಮ ಸೆಲ್ಲೋಟೇಪ್ ಹಚ್ಚಿದ್ದಾನೆ — ಹಿಂದೆ, ಮುಂದೆ, ಸಾಲದ್ದಕ್ಕೆ ಟೇಪಿನ ಮೇಲೆ ಟೇಪ್. ಗೋಂದು ಕಾಗದದೊಳಗೆ ಇಳಿದು ಕಂದಾಗಿದೆ. ಕಡಲಿನ ಮಧ್ಯೆ ಹೊಸದೊಂದು ದ್ವೀಪ ಹುಟ್ಟಿದೆ. ಒಳ್ಳೆಯದು ಮಾಡಲು ಹೋದವರು ಮಾಡುವಷ್ಟು ಹಾನಿಯನ್ನು ಇಲಿಯೂ ಮಾಡುವುದಿಲ್ಲ. ಹಾಗೆಂದು ಎದುರು ಮೇಜಿನ ಬೈಂಡರ್‌ಗೆ ಹೇಳಿದೆ. ಪುಸ್ತಕ ಹೊಲಿಯುವವರು, ನನಗಿಂತ ಹಿರಿಯರು. "ಅಂಥವರಿಂದ್ಲೇ ಅಲ್ವಾ ಮೇಡಂ ನಮ್ಮ ಹೊಟ್ಟೆ ತುಂಬೋದು" ಅಂದರು. ನಕ್ಕೆ.

ಮಧ್ಯಾಹ್ನ ಅಕ್ಕನ ಫೋನ್. ಅಮ್ಮನ ಮಂಚವನ್ನು ಕಿಟಕಿಯ ಕಡೆ ಸರಿಸುವಾಗ ಅಣ್ಣನ ಚಿತ್ರ ಗೋಡೆಯಿಂದ ಬಿದ್ದಿದೆ. ಗಾಜು ಸೀಳಿದೆ.

"ಒಳಗೆ ಬೆಳ್ಳಗೆ ಏನೋ ಬೆಳೆದಿದೆ ಕಣೇ. ಹತ್ತಿ ಥರ."

ಏನೆಂದು ನೋಡದೆಯೇ ಗೊತ್ತು. ಬೂಷ್ಟು. ಕಂಡವರ ಚಿತ್ರಗಳಿಗೆಲ್ಲ ಉಪಚಾರ ಮಾಡುವವಳ ಮನೆಯ ಚಿತ್ರಕ್ಕೇ ಬೂಷ್ಟು. ನಾಳೆ ಹೋಗಬೇಕು.

ಫೆಬ್ರವರಿ ೫, ಸಂಜೆ

ಅಕ್ಕನ ಮನೆಗೆ ಹೋಗಿ ಬಂದೆ. ಲಿಫ್ಟ್ ಕೆಟ್ಟಿತ್ತು, ಹತ್ತಿ ಹೋಗುವಷ್ಟರಲ್ಲಿ ಮಂಡಿ ನೋವು.

ಅಮ್ಮ ಇನ್ನೂ ಸಣ್ಣವಳಾಗಿದ್ದಾಳೆ. ಹೃದಯ ಸೋತಿದೆ. ಡಾಕ್ಟರ್ ತಿಂಗಳ ಮಾತು ಬಿಟ್ಟು ವಾರಗಳ ಮಾತು ಆಡುತ್ತಿದ್ದಾರೆ. ಕಣ್ಣು ಹೋಗಿ ಬಹಳ ಕಾಲವಾಯಿತು — ನಡುವೆ ಪೂರಾ ಮಬ್ಬು, ಅಂಚಿನಲ್ಲಿ ಒಂದಿಷ್ಟು ಬೆಳಕು. ಬಾಯಿ ಮಾತ್ರ ಗಟ್ಟಿ.

"ಬಂದ್ಯಾ ಕಾಗದದ ಡಾಕ್ಟ್ರೇ," ಅಂದಳು. "ನಿಮ್ಮಣ್ಣ ಬಿದ್ದು ಏಟು ಮಾಡ್ಕೊಂಡಿದ್ದಾನೆ ನೋಡು."

ಫ್ರೇಮ್ ಮಡಿಲಲ್ಲಿಟ್ಟುಕೊಂಡು ನೋಡಿದೆ. ಅಂಗೈಯಗಲದ ಮುಖ, ಪೆನ್ಸಿಲ್ಲಿನದು. ಅಮ್ಮನೇ ಬರೆದದ್ದು. ನಾನು ತೊಟ್ಟಿಲಲ್ಲಿದ್ದಾಗ ಹೋದವನು. ಫೋಟೊ ತೆಗೆಸಿರಲಿಲ್ಲ, ಒಂದೂ ಇಲ್ಲ. ನನಗಿಂತ ದೊಡ್ಡವನು — ಆರು ವರ್ಷದವನು. ನನಗೀಗ ಐವತ್ತೆಂಟು. ಅವನೊಬ್ಬ ಇದ್ದ ಅನ್ನುವುದಕ್ಕೆ ನಮ್ಮಲ್ಲಿ ಇರುವುದು ಇದೊಂದೇ.

ಕೂದಲು ಹಣೆಗೆ ಬಿದ್ದಿದೆ. ಕಣ್ಣು ಅಗಲ, ಮುಖದ ಬೇರೆಲ್ಲ ಗೆರೆಗಳಿಗಿಂತ ಕಪ್ಪು. ಬಾಯಿ ತೆರೆದಿದೆ. ಚಿಕ್ಕಂದಿನಲ್ಲಿ ಆ ಬಾಯಿಗೆ ಹೆದರಿ ಆ ಗೋಡೆಯ ಕಡೆ ಬೆನ್ನು ಹಾಕಿ ಮಲಗುತ್ತಿದ್ದೆ. ಉಸಿರು ನಿಂತ ಮೇಲೆ ಬರೆದ ಚಿತ್ರ ಅಂತ ನಾನೂ ಅಕ್ಕನೂ ಯಾವಾಗಲೋ ತೀರ್ಮಾನ ಮಾಡಿಬಿಟ್ಟಿದ್ದೆವು. ಆ ದಿನಗಳಲ್ಲಿ ಅಕ್ಕನನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದರಂತೆ, ಅವಳೂ ಕಂಡಿಲ್ಲ. ಅಮ್ಮನನ್ನು ಕೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಎಡಗೆನ್ನೆ ಗಾಜಿಗೆ ಅಂಟಿದೆ. ತೇವ ಹಿಡಿದು, ಒಣಗಿ, ಮತ್ತೆ ಹಿಡಿದು... ಕಾಗದ ಗಾಜನ್ನು ಕಚ್ಚಿಕೊಂಡಿದೆ. ಎಳೆದರೆ ಕೆನ್ನೆ ಗಾಜಿನ ಜೊತೆ ಹೋಗುತ್ತದೆ.

"ಬಿಚ್ಚಿ ಕೊಡು ನಂಗೆ," ಅಮ್ಮ ಅಂದಳು. "ಗಾಜಿಲ್ಲದೆ ಒಂದ್ಸಲ ಹಿಡ್ಕೋತೀನಿ. ಕಣ್ಣಿಗೆ ಹೇಗೂ ಸಿಗಲ್ಲ, ಬೆರಳಿಗಾದ್ರೂ ಸಿಗಲಿ."

"ಕಷ್ಟ ಇದೆ ಅಮ್ಮ. ಅಂಟ್ಕೊಂಡಿದೆ."

"ಬೇರೆಯವರ ಮಗನ ಚಿತ್ರ ಆಗಿದ್ರೆ ಮಾಡ್ತಿರ್ಲಿಲ್ವಾ?"

ಟವೆಲ್ಲಿನಲ್ಲಿ ಸುತ್ತಿ ತಂದೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದೆ.

ಫೆಬ್ರವರಿ ೭

ಹಿಂದಿನ ರಟ್ಟು ಬಿಚ್ಚಿದೆ. ಧೂಳು, ಸತ್ತ ಹುಳುಗಳು, ತುಕ್ಕು ಹಿಡಿದ ಮೊಳೆ. ಬೂಷ್ಟನ್ನು ಮೆತ್ತನೆಯ ಬ್ರಶ್‌ನಲ್ಲಿ ಗುಡಿಸಿದೆ. ಸೀಳಿದ ಗಾಜು ಒಂದೊಂದೇ ತುಂಡು ಎತ್ತಿದರೆ ಬಂತು. ಎಡಗೆನ್ನೆಯ ಮೇಲಿನ ತುಂಡು ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ.

ಚಿತ್ರ ಬರೆದದ್ದು ರಸೀದಿ ಪುಸ್ತಕದ ಹಾಳೆಯ ಬೆನ್ನಿಗೆ. ಅಮ್ಮ ಸಾಮಾನು ಸಾಗಿಸುವ ಕಂಪನಿಯಲ್ಲಿ ಗುಮಾಸ್ತೆಯಾಗಿದ್ದಳು. ಬೆಳಗ್ಗಿನಿಂದ ಸಂಜೆವರೆಗೆ ರಸೀದಿ. ಚಿತ್ರ ಬರೆಯುವುದನ್ನು ಯಾರೂ ಕಲಿಸಿರಲಿಲ್ಲ. ಇದಾದ ಮೇಲೆ ಒಂದು ಹೂವನ್ನೂ ಬರೆದವಳಲ್ಲ.

ಬೈಂಡರ್ ಬಂದು ನೋಡಿದರು. ಬಹಳ ಹೊತ್ತು ನೋಡಿದರು.

"ಇದನ್ನ ಬೇರೆ ಯಾರಿಗಾದ್ರೂ ಕೊಡಿ ಮೇಡಂ. ಮನೆಯವರ ವಿಷಯ ಬಂದ್ರೆ ಕೈ ನಡುಗುತ್ತೆ."

"ನನ್ನ ಕೈ ನಡುಗಲ್ಲ."

ನಡುಗುವುದಿಲ್ಲ, ನಿಜ. ಆ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇದೆ.

ನೀರು ಹಾಕುವಂತಿಲ್ಲ. ಆವಿ ಕೊಡಬೇಕು. ಕೆಳಗೆ ಒದ್ದೆ ಬ್ಲಾಟಿಂಗ್ ಪೇಪರ್, ಮೇಲೆ ಆವಿಯನ್ನು ಬಿಟ್ಟು ನೀರನ್ನು ತಡೆಯುವ ಬಟ್ಟೆ, ಅದರ ಮೇಲೆ ಚಿತ್ರ, ಮುಚ್ಚಳ. ಕಾಗದ ನಿಧಾನಕ್ಕೆ ಮೆದುವಾಗಿ ತಾನಾಗಿಯೇ ಗಾಜನ್ನು ಬಿಡುತ್ತದೆ. ಅವಸರ ಮಾಡಬಾರದು, ಅಷ್ಟೇ.

ಫೆಬ್ರವರಿ ೧೦

ಇವತ್ತು ಪರೀಕ್ಷೆ. ಕಾಗದಕ್ಕೆ ತೇವ ತೋರಿಸುವ ಮೊದಲು ಅದರ ಮೇಲಿನ ಪ್ರತಿಯೊಂದು ಬಣ್ಣವನ್ನೂ ಕೇಳಬೇಕು, ನೀನು ಕದಡುತ್ತೀಯಾ ಅಂತ. ಸಣ್ಣ ಬ್ರಶ್ಶಿನ ತುದಿಯಲ್ಲಿ ಒಂದು ಹನಿ. ಮೇಲೆ ಚೂರು ಬ್ಲಾಟಿಂಗ್ ಒತ್ತಿ, ಎತ್ತಿ ನೋಡುವುದು. ಬಣ್ಣ ಹತ್ತದಿದ್ದರೆ ಸರಿ. ಹೊಸಬರಿಗೆ ಮೊದಲ ದಿನ ಕಲಿಸುವ ಪಾಠ.

ಕೂದಲು — ಏನೂ ಹತ್ತಲಿಲ್ಲ. ಕಿವಿ — ಇಲ್ಲ. ಅಂಗಿಯ ಕಾಲರ್ — ಇಲ್ಲ. ಮಾಮೂಲಿ ಸೀಸದ ಪೆನ್ಸಿಲ್. ಸೀಸ ನೀರಿಗೆ ಹೆದರುವುದಿಲ್ಲ.

ಕಣ್ಣಿನ ಹತ್ತಿರ ಬ್ರಶ್ ತಂದೆ. ಕೈ ಮುಂದೆ ಹೋಗಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ. ಬೇರೆ ಯಾರ ಕಣ್ಣಾಗಿದ್ದರೂ ಹನಿ ಇಟ್ಟು, ಒತ್ತಿ, ಮುಂದಿನ ಕೆಲಸ ನೋಡುತ್ತಿದ್ದೆ. ಒಬ್ಬಳೇ ಬರೆದದ್ದು, ಕೂತ ಕಡೆಯೇ ಬರೆದು ಮುಗಿಸಿದಂತಿದೆ, ಒಂದೇ ಪೆನ್ಸಿಲ್. ಕಣ್ಣಿಗೆ ಸ್ವಲ್ಪ ಜಾಸ್ತಿ ಒತ್ತಿದ್ದಾಳೆ ಅಷ್ಟೆ. ಬೇಡ, ಇಷ್ಟು ಸಾಕು ಅಂದುಕೊಂಡು ಬ್ರಶ್ ತೊಳೆದಿಟ್ಟೆ.

ಫೆಬ್ರವರಿ ೧೧

ಅಮ್ಮನ ಹತ್ತಿರ ಹೋಗಿದ್ದೆ. ದಿನಾ ಬೆಳಗ್ಗೆ ಎದ್ದ ಕೂಡಲೇ "ಗಾಜು ಬಿಡ್ತಂತಾ" ಅಂತ ಕೇಳುತ್ತಾಳಂತೆ. ಅಕ್ಕನಿಗೆ ಸಾಕುಸಾಕಾಗಿದೆ.

"ತರೋ ಹಿಂದಿನ ದಿನ ಹೇಳು," ಅಂದಳು ಅಮ್ಮ. "ಉಗುರು ತೆಗೆಸ್ಕೋಬೇಕು. ಕಾಗದಕ್ಕೆ ಗೀರ್‌ಬಾರ್ದು."

ನನ್ನಿಂದ ಕಲಿತದ್ದು. ಬಂದವರಿಗೆಲ್ಲ ನಾನು ಕೈ ತೊಳೆಸುವುದನ್ನು ಆಡಿಕೊಂಡು ನಗುತ್ತಿದ್ದವಳು.

ಪಕ್ಕದಲ್ಲಿ ಹಳೆಯ ವಾರಪತ್ರಿಕೆ ಇಟ್ಟುಕೊಂಡಿದ್ದಾಳೆ. ಒಂದಕ್ಷರ ಕಾಣುವುದಿಲ್ಲ, ಆದರೂ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒಂದೊಂದೇ ಪುಟ ತಿರುಗಿಸುತ್ತಾಳೆ. ಗುಮಾಸ್ತಿಕೆ ಬಿಟ್ಟು ಇಷ್ಟು ವರ್ಷವಾದರೂ ಬೆರಳು ಬಿಟ್ಟಿಲ್ಲ. ಎಂಜಲು ಹಚ್ಚಬೇಡ ಅಂತ ನಾನು ಜೀವಮಾನವೆಲ್ಲ ಬಡಿದುಕೊಂಡಿದ್ದೇನೆ. ಇವತ್ತು ಸುಮ್ಮನೆ ನೋಡುತ್ತಾ ಕೂತಿದ್ದೆ.

ಫೆಬ್ರವರಿ ೧೩, ಬೆಳಗ್ಗೆ ೧೧

ಚಿತ್ರ ಆವಿಯ ಪೆಟ್ಟಿಗೆಯೊಳಗಿದೆ. ಕೆನ್ನೆಯ ಅಂಚು ಒಂಚೂರು ಸಡಿಲವಾಗಿದೆ. ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡಬಾರದು, ಒಳಗಿನ ತೇವ ಹೋಗುತ್ತದೆ. ಹೀಗಾಗಿ ನಕ್ಷೆ ಹಿಡಿದು ಕೂತಿದ್ದೇನೆ. ಕಣ್ಣು ಮಾತ್ರ ಪೆಟ್ಟಿಗೆಯ ಮೇಲೆ. ಬೈಂಡರ್: "ಹಾಲು ಉಕ್ಕೋಕೆ ಇಟ್ಟಂಗೆ ನೋಡ್ತಿದ್ದೀರ."

ಮಧ್ಯಾಹ್ನ ೨

ಬಿಟ್ಟಿತು.

ಹಾಳೆಯನ್ನು ತುಸು ಓರೆ ಮಾಡಿ ತೆಳು ಅಲಗು ತೂರಿಸಿದೆ, ಗಾಜು ಜಾರಿ ಬಂತು. ಕೆನ್ನೆ ಕಾಗದದ ಮೇಲೇ ಇದೆ. ಗಾಜಿನಲ್ಲಿ ಒಂದು ಎಳೆಯೂ ಇಲ್ಲ. ಬೈಂಡರ್ ಎದ್ದು ಬಂದು ಬೆನ್ನು ತಟ್ಟಿದರು. ಅಕ್ಕನಿಗೆ ಫೋನ್ ಮಾಡಿ ಹೇಳಿಯೂ ಆಯಿತು. ಅಮ್ಮ ಹಿಂದಿನಿಂದ "ಉಗುರು ಕಟ್ಟರ್ ಎಲ್ಲಿ" ಅಂತ ಕೂಗುವುದು ಕೇಳಿಸಿತು.

ಈಗ ಬ್ಲಾಟಿಂಗ್ ನಡುವೆ ಇಟ್ಟು ಒಣಗಿಸಬೇಕು. ಕಣ್ಣಿನ ಕೆಳಗೆ ಏನೋ ನೆರಳು ಬಿದ್ದಂತಿದೆ. ನನ್ನ ಕನ್ನಡಕವೇ ಕೊಳೆಯಾಗಿರಬೇಕು, ಒರೆಸಿ

ಫೆಬ್ರವರಿ ೧೯

ಬರೆಯಬೇಕು. ಬರೆಯದಿದ್ದರೆ ಆಗಿಲ್ಲ ಅಂತ ಆಗುವುದಿಲ್ಲವಲ್ಲ.

ಕಣ್ಣು ಸೀಸದ ಪೆನ್ಸಿಲ್ಲಿನದಲ್ಲ. ಇಂಕ್ ಪೆನ್ಸಿಲ್. ಹಿಂದೆ ಆಫೀಸುಗಳಲ್ಲಿ ರಸೀದಿ ಬರೆಯಲು ಕೊಡುತ್ತಿದ್ದರು, ಅಳಿಸಿದರೆ ಹೋಗಬಾರದು ಅಂತ. ಒಣಗಿದ್ದಾಗ ಮಾಮೂಲಿ ಪೆನ್ಸಿಲ್ಲಿನ ಹಾಗೆ ಕಪ್ಪು-ಬೂದು. ತೇವ ತಾಗಿತೋ, ನೇರಳೆ. ಒಂದು ಗೆರೆಯಿಂದ ಒಂದು ಚಮಚ ಬಣ್ಣ ಹೊರಡುತ್ತದೇನೋ ಅನ್ನಿಸುವಷ್ಟು ನೇರಳೆ. ನನಗೆ ಇದು ಗೊತ್ತಿಲ್ಲವೇ? ಇದರ ಮೇಲೆ ನಾನು ಪಾಠ ಮಾಡಿದ್ದೇನೆ. ರಸೀದಿಯ ಹಾಳೆ ಕೈಯಲ್ಲಿತ್ತು. ಬರೆದವಳು ಗುಮಾಸ್ತೆ ಅನ್ನುವುದು ಗೊತ್ತಿತ್ತು. ಕಣ್ಣು ಬೇರೆಲ್ಲಕ್ಕಿಂತ ಕಪ್ಪು ಅಂತ ಈ ಪುಸ್ತಕದಲ್ಲೇ ನಾನೇ ಬರೆದಿದ್ದೇನೆ. ಒಂದು ಹನಿ ಇಟ್ಟು ನೋಡಿದ್ದರೆ ಮುಗಿದಿತ್ತು.

ಎರಡೂ ಕಣ್ಣುಗಳಿಂದ ಹರಿದಿದೆ. ಸುತ್ತ ಉಂಗುರದ ಹಾಗೆ ಹಬ್ಬಿ, ನಾನು ಹಾಳೆ ಓರೆ ಮಾಡಿದ ಕಡೆಗೆ ಕೆಳಗಿಳಿದಿದೆ. ಎಡಗೆನ್ನೆಯ ಮೇಲೆ ಉದ್ದಕ್ಕೆ. ಯಾವ ಕೆನ್ನೆಯನ್ನು ಉಳಿಸಲು ಇಷ್ಟೆಲ್ಲ ಮಾಡಿದೆನೋ ಅದರ ಮೇಲೆಯೇ.

ಆ ಕ್ಷಣ ಬ್ಲಾಟಿಂಗ್ ಒತ್ತಿದೆ, ಇನ್ನೂ ಒತ್ತಿದೆ. ಬ್ಲಾಟಿಂಗಿನ ಮೇಲೆ ಅವನ ಕಣ್ಣುಗಳ ಅಚ್ಚು ಬಂತು. ಬೈಂಡರ್ ಫ್ಯಾನ್ ಆರಿಸಿ, ಬಾಗಿಲು ಹಾಕಿ, ಹೊರಗಡೆ ಕುರ್ಚಿ ಹಾಕಿಕೊಂಡು ಕೂತರು. ಬಂದವರನ್ನೆಲ್ಲ "ಇವತ್ತಿಲ್ಲ, ನಾಳೆ ಬನ್ನಿ" ಅಂತ ವಾಪಸ್ ಕಳಿಸುವುದು ಕೇಳಿಸುತ್ತಿತ್ತು. ಆಮೇಲೆ ಅತ್ತೆ. ನಲವತ್ತರ ನಂತರ ಕೆಲಸದ ಜಾಗದಲ್ಲಿ ಅತ್ತದ್ದು ಇದೇ ಮೊದಲು.

ತೆಗೆಯಲು ದಾರಿಯಿಲ್ಲ. ನೀರು ಹಾಕಿದರೆ ಇನ್ನೂ ಹರಡುತ್ತದೆ. ಸ್ಪಿರಿಟ್ ಅದಕ್ಕಿಂತ ಕಷ್ಟ. ಬಿಸಿಲಿಗಿಟ್ಟರೆ ಆ ನೇರಳೆ ಮಾಸುತ್ತದೆ, ನಿಜ — ಜೊತೆಗೆ ಕಣ್ಣೂ ಮಾಸುತ್ತದೆ. ನಕ್ಷೆಗೆ ಟೇಪ್ ಹಚ್ಚಿದ ಪುಣ್ಯಾತ್ಮನನ್ನು ಮನಸಾರೆ ಬೈದಿದ್ದೆ. ಅವನೂ ಯಾರದೋ ಮಾತಿಗೆ ಕಟ್ಟುಬಿದ್ದು ಹಚ್ಚಿದ್ದನೋ ಏನೋ.

ಅಕ್ಕನಿಗೆ "ಇನ್ನೂ ಒಣಗಬೇಕು" ಅಂತ ಹೇಳುತ್ತಾ ಬಂದಿದ್ದೇನೆ.

ಫೆಬ್ರವರಿ ೨೧

ಅಮ್ಮನಿಗೆ ನಿನ್ನೆ ಉಸಿರು ಕಟ್ಟಿತಂತೆ. ಆಕ್ಸಿಜನ್ ತಂದಿಟ್ಟಿದ್ದಾರೆ. ಅಕ್ಕ ನನ್ನ ಕೆಲಸದ ಜಾಗಕ್ಕೇ ಬಂದಳು, ಮೆಟ್ಟಿಲ ಹತ್ತಿರ ನಿಂತು ಮಾತಾಡಿದೆವು. ಚಿತ್ರ ತೋರಿಸಿದೆ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಅಮ್ಮಂಗೆ ಹೇಳ್ಬೇಡ," ಅಂದಳು. "ಬಣ್ಣ ಕಾಣಲ್ಲ ಅವಳಿಗೆ. ಬೆರಳಿಗೆ ಗೊತ್ತಾಗುತ್ತಾ?"

"ಗೊತ್ತಾಗಲ್ಲ."

"ಮತ್ತಿನ್ನೇನು. ಕೈಗೆ ಕೊಡು, ಮುಟ್ಟಿ ನೋಡ್ಲಿ, ಸಂತೋಷ ಪಡ್ಲಿ. ನಿನ್ನ ಪ್ರಾಮಾಣಿಕತೆನ ಆಫೀಸಲ್ಲಿ ಇಟ್ಕೋ."

ಅವಳು ಹೇಳುವುದರಲ್ಲಿ ತಪ್ಪೇನೂ ಇಲ್ಲ. ಅಮ್ಮನ ಬೆನ್ನು ಒರೆಸಿ, ಮಾತ್ರೆ ಕೊಟ್ಟು, ರಾತ್ರಿ ಹಗಲು ನೋಡಿಕೊಂಡವಳು ಅವಳು. ನಾನು ವಾರಕ್ಕೊಮ್ಮೆ ಬಂದು ಕಾಗದದ ಮಾತಾಡಿ ಹೋಗುವವಳು. ಆಯಿತು ಅಂದೆ.

ಫೆಬ್ರವರಿ ೨೨

ಇಡೀ ದಾರಿ ಸುಳ್ಳನ್ನು ತಯಾರು ಮಾಡಿಕೊಂಡು ಹೋದೆ. ಚೆನ್ನಾಗಿ ಬಂದಿದೆ ಅಮ್ಮ, ಹೊಸದರ ಹಾಗಿದೆ. ಬಾಯಿಪಾಠ.

ಉಗುರು ತೆಗೆಸಿಕೊಂಡು ಕೂತಿದ್ದಳು. ಹಿಂದೆ ಮೂರು ದಿಂಬು, ಮೂಗಿಗೆ ನಳಿಕೆ. ಎರಡೂ ಕೈ ಮುಂದೆ ಚಾಚಿದಳು. ಕೊಟ್ಟೆ.

ಕಾಗದದ ಅಂಚಿನಿಂದ ಶುರು ಮಾಡಿದಳು. ಮೂಲೆ, ಇನ್ನೊಂದು ಮೂಲೆ. ಮೂಸಿ ನೋಡಿದಳು. ಪೆನ್ಸಿಲ್ ಒತ್ತಿದ್ದ ಕಡೆ ಸಣ್ಣ ಹಳ್ಳ ಇರುತ್ತದೆ, ಅದನ್ನು ಹುಡುಕುತ್ತಾ ಬೆರಳು ಮೇಲೆ ಬಂತು. ಕಣ್ಣಿನ ಹತ್ತಿರ ನಿಂತಿತು.

"ಚೆನ್ನಾಗಿ ಬಂದಿದ್ಯಾ?"

"ನಾನು ಹಾಳು ಮಾಡ್ಬಿಟ್ಟೆ ಅಮ್ಮ," ಅಂದೆ.

ಅಕ್ಕ ಕಿಟಕಿಯ ಕಡೆ ತಿರುಗಿ ನಿಂತಳು. ಎಲ್ಲ ಹೇಳಿದೆ. ಪರೀಕ್ಷೆ ಮಾಡದೆ ಬಿಟ್ಟದ್ದು, ಆವಿ, ಎರಡು ಕಣ್ಣಿಂದ ಇಳಿದದ್ದು. ಹೇಳುತ್ತಾ ಹೇಳುತ್ತಾ ಮೂಗು ಸೋರಿತು, ಒರೆಸಿಕೊಳ್ಳಲಿಲ್ಲ. ಅಮ್ಮ ಮಧ್ಯೆ ಬಾಯಿ ಹಾಕದೆ ಕೇಳಿದಳು. ಅವಳು ಹಾಗೆ ಕೇಳಿದ್ದು ಇದೇ ಮೊದಲು.

"ನೇರಳೆ ಆಯ್ತಾ?" ಅಂದಳು.

"ಹೂಂ."

"ಮನೆ ಪೆನ್ಸಿಲ್ ಮುರಿದು ಹೋಯ್ತು," ಅಂದಳು. ಎರಡು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದಳು. "ಕಣ್ಣು, ಬಾಯಿ ಬಾಕಿ ಇತ್ತು. ಜ್ವರ ಒಂಚೂರು ಬಿಟ್ಟಿತ್ತು ಅವನಿಗೆ, ಎದ್ದು ಕೂತಿದ್ದ. ಬೇಜಾರು ಅಂತ ಹಠ. ನಿನ್ನ ಚಿತ್ರ ಬರೀತೀನಿ ಕೂತ್ಕೋ ಅಂದೆ. ಬ್ಯಾಗಲ್ಲಿ ಆಫೀಸ್ ಪೆನ್ಸಿಲ್ ಇತ್ತು. ಅಭ್ಯಾಸ ಬಲ, ನಾಲಿಗೆಗೆ ಇಟ್ಟೆ. ನಾಲಿಗೆ ನೇರಳೆ. ಅದನ್ನ ನೋಡಿ ನಕ್ಕ ನೋಡು... ನಕ್ಕೂ ನಕ್ಕೂ ಬಾಯಿ ಮುಚ್ಲೇ ಇಲ್ಲ. ಬಾಯಿ ಮುಚ್ಚೋ, ಚಿತ್ರ ಕೆಡುತ್ತೆ ಅಂತ ಬೈದೆ. ಮುರಿದ ಸೀಸದ ಚೂರಲ್ಲೇ ಆ ಬಾಯಿ ಬರೆದೆ, ಕಣ್ಣಿಗೆ ಅದು ಸಾಕಾಗ್ಲಿಲ್ಲ."

ಅಕ್ಕ ತಿರುಗಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆ ಬಾಯಿ. ನಾನು ಹೆದರಿ ಬೆನ್ನು ಹಾಕುತ್ತಿದ್ದ ಬಾಯಿ.

"ನಗ್ತಿದ್ನಾ?" ಅಕ್ಕ ಕೇಳಿದಳು.

"ಇನ್ನೇನು ಮಾಡ್ತಿದ್ದ? ನೀವೇನಂದ್ಕೊಂಡಿದ್ರಿ?"

ಅಕ್ಕ ಮಂಚದ ಅಂಚಿಗೆ ಬಂದು ಕೂತಳು.

"ಕಣ್ಣೂ ನೇರಳೆ ಮಾಡಮ್ಮ ಅಂತ ದುಂಬಾಲು ಬಿದ್ದ," ಅಂದಳು ಅಮ್ಮ. "ನಾನು ಮಾಡ್ಲಿಲ್ಲ. ಪೆನ್ಸಿಲ್ ತುದಿ ಒರೆಸಿ, ಒಣಗಿಸಿ ಬರೆದೆ. ಚಂದ ಇರ್ಲಿ ಅಂತ. ಆ ವಾರನೇ ಹೋದ." ಕಾಗದದ ಮೇಲೆ ಬೆರಳಾಡಿಸುತ್ತಾ, "ಎಲ್ಲಿ ಇಳಿದಿದೆ, ತೋರ್ಸು."

ಅವಳ ಬೆರಳು ಹಿಡಿದು ಎಡಗೆನ್ನೆಯ ಮೇಲಿಟ್ಟೆ. ಇಲ್ಲಿಂದ ಇಲ್ಲಿವರೆಗೆ ಅಂತ ಎಳೆದು ತೋರಿಸಿದೆ.

ಅಮ್ಮ ಹೆಬ್ಬೆರಳನ್ನು ನಾಲಿಗೆಗೆ ಒತ್ತಿದಳು. ಏನು ಮಾಡುತ್ತಾಳೆಂದು ನನಗೆ ತಿಳಿಯಿತು. ತಡೆಯಲು ಸಮಯವಿತ್ತು. ಎಂಜಲು, ಉಪ್ಪು, ಒತ್ತಡ, ಇನ್ನೂ ಪೂರಾ ಭದ್ರವಾಗದ ಕಾಗದ — ಎಲ್ಲವೂ ತಲೆಯಲ್ಲಿ ಬಂತು. ಬಾಯಿ ತೆರೆಯಲಿಲ್ಲ. ಶಾಲೆಗೆ ಹೊರಟ ಮಗುವಿನ ಮುಖ ಒರೆಸುವಂತೆ ಅವನ ಕೆನ್ನೆ ಒರೆಸಿದಳು. ಒಮ್ಮೆ, ಮತ್ತೊಮ್ಮೆ. ಬೆರಳು ಮತ್ತೆ ನಾಲಿಗೆಗೆ ಹೋಯಿತು. ಆಮೇಲೆ ನಮ್ಮ ಕಡೆ ತಿರುಗಿ ನಾಲಿಗೆ ಚಾಚಿದಳು.

"ಆಯ್ತಾ ನೋಡಿ."

ಆಗಿತ್ತು. ತುದಿಯಲ್ಲಿ ನೇರಳೆ. ಅಕ್ಕ ನಕ್ಕಳು, ನಗುತ್ತಲೇ ಅಳಲು ಶುರು ಮಾಡಿದಳು.

ಬಸ್ಸಿನಲ್ಲಿ ಬರುವಾಗ ಯೋಚನೆ ಬಂತು. ನನ್ನ ಸಮಾಧಾನಕ್ಕೆ ಕಟ್ಟಿದ ಕಥೆಯೋ ಏನೋ. ಸಮಯಕ್ಕೆ ಸರಿಯಾಗಿ ಸುಳ್ಳು ಹೇಳುವುದರಲ್ಲಿ ಅಮ್ಮ ಎತ್ತಿದ ಕೈ. ಆದರೆ ಪೆನ್ಸಿಲ್ ಬದಲಾದದ್ದು ಸುಳ್ಳಲ್ಲ. ಎರಡು ಪೆನ್ಸಿಲ್ ಇದ್ದದ್ದಂತೂ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಮಾರ್ಚ್ ೩

ಅಮ್ಮ ಹೋದಳು. ನಿನ್ನೆ ಬೆಳಗ್ಗೆ. ಅಕ್ಕ ಗಂಜಿ ಆರಿಸುತ್ತಿದ್ದಳಂತೆ, ತಿರುಗಿ ನೋಡುವಷ್ಟರಲ್ಲಿ ಮುಗಿದಿತ್ತು. ಚಿತ್ರ ಹಾಸಿಗೆಯ ಪಕ್ಕದಲ್ಲೇ ಇತ್ತು, ನಾನು ವಾಪಸ್ ತಂದಿರಲಿಲ್ಲ.

ಮೈ ಒರೆಸಿದ್ದು ನಾವಿಬ್ಬರೇ. ಬಲಗೈ ಹೆಬ್ಬೆರಳಿನ ಗೆರೆಗಳಲ್ಲಿ ನೇರಳೆ ಇನ್ನೂ ಉಳಿದಿತ್ತು. ಅಷ್ಟು ದಿನವಾದರೂ. ನಾನು ಬಂದು ಹೋದ ಮೇಲೂ ಮತ್ತೆ ಮತ್ತೆ ಒರೆಸುತ್ತಿದ್ದಳೇನೋ. ಅಕ್ಕ ಸೋಪು ಹಾಕಿ ಉಜ್ಜಲು ಹೋದಳು.

"ಬೇಡ, ಬಿಡು," ಅಂದೆ.

"ಕಲೆ ಕಣೇ."

"ಇರಲಿ."

ಅವಳು ಬೆರಳನ್ನು ನಿಧಾನಕ್ಕೆ ಕೆಳಗಿಟ್ಟಳು.

ಮಾರ್ಚ್ ೧೮

ಕೆಲಸಕ್ಕೆ ಬಂದೆ. ನಕ್ಷೆಯನ್ನು ಬೈಂಡರ್ ಹಾಗೆಯೇ ಮುಚ್ಚಿಟ್ಟಿದ್ದಾರೆ. ಮೇಜು ಒರೆಸಿಟ್ಟಿದ್ದಾರೆ. ಎರಡು ಬಾಳೆಹಣ್ಣು ಇಟ್ಟು ಹೋದರು.

ಅಣ್ಣನಿಗೊಂದು ರಟ್ಟಿನ ಪೆಟ್ಟಿಗೆ ಮಾಡಿದೆ. ಇನ್ನು ಗೋಡೆಯಿಲ್ಲ, ಗಾಜಿಲ್ಲ, ಬೆಳಕಿಲ್ಲ. ಬೆಳಕಿಗೆ ಆ ನೇರಳೆ ಉಳಿಯುವುದಿಲ್ಲ.

ಪೆಟ್ಟಿಗೆಯ ಜೊತೆ ರಿಪೋರ್ಟ್ ಇಡುವುದು ನಮ್ಮ ಪದ್ಧತಿ. ಯಾರ ಚಿತ್ರಕ್ಕಾದರೂ ಬರೆಯುತ್ತೇನೆ, ಇದಕ್ಕೆ ತಪ್ಪಿಸಬಾರದು. ಯಾವ ಕಲೆ ಯಾರಿಂದ ಆಯಿತು ಅಂತ ಬೇರೆ ಬೇರೆ ನಮೂದಿಸಬೇಕು. ರಿಪೇರಿ ಮಾಡುವವರಿಂದ ಆದದ್ದು ಹಾನಿ. ಬರೆದವರ ಕೈಯಿಂದಲೇ ಆದದ್ದು ಹಾನಿಯಲ್ಲ, ಅದು ಚಿತ್ರದ ಭಾಗ, ಯಾವ ಕಾಲಕ್ಕೂ ಯಾರೂ ತೆಗೆಯಬಾರದು. ಇದೂ ಹೊಸಬರಿಗೆ ನಾನೇ ಕಲಿಸುವುದು.

ಹಾಗಾಗಿ ಭೂತಗನ್ನಡಿ ಹಿಡಿದು ಕೂತಿದ್ದೇನೆ. ಬಲಗಣ್ಣಿನ ಸುತ್ತಿನದು ನನ್ನದು. ಎಡಗಣ್ಣಿನ ಉಂಗುರವೂ ನನ್ನದೇ. ಕೆನ್ನೆಯ ಮೇಲೆ ಅಮ್ಮನ ಹೆಬ್ಬೆರಳ ಗುರುತು ಸ್ಪಷ್ಟವಾಗಿ ಬಂದಿದೆ, ಗೆರೆಗೆರೆಯೂ ಎಣಿಸಬಹುದು. ಅದರ ಕೆಳಗೆ ನನ್ನದು ಇಳಿದಿದೆ. ಅದರ ಮೇಲೆ ಮತ್ತೆ ಅವಳದು. ನನ್ನದು ಎಲ್ಲಿ ಮುಗಿಯುತ್ತದೆ ಅಂತ ಗೆರೆ ಎಳೆಯಬೇಕು. ಇಲ್ಲಿ, ಈ ಕೆನ್ನೆಯ ಅಂಚಿನಲ್ಲಿ... ಇಲ್ಲ, ಇಲ್ಲೂ ಅವಳ ಬೆರಳು ಹಾದುಹೋಗಿದೆ. ಇನ್ನೊಂಚೂರು ಕೆಳಗೆ, ತುಟಿಯ ಹತ್ತಿರ, ಅವನು ನಗುತ್ತಿರುವ ಬಾಯಿಯ ಅಂಚಿನಲ್ಲಿ... ಅಲ್ಲೂ ಎರಡೂ ಬೆರೆತಿವೆ.